ಬ್ರೋಕರ್ ಇಲ್ಲದ ಸಿನಿಮಾ

ಅವಿನ್ ಮತ್ತು ಸಮೀಕ್ಷಾರ ಮದುವೆಗೆ ಇನ್ನು ಹದಿನೆಂಟು ದಿನ ಇದೆ ಎನ್ನುವಾಗ ಅವರ ಪ್ರೀ ವೆಡ್ಡಿಂಗ್ ವಿಡಿಯೋ ನನ್ನ ಮೊಬೈಲಿಗೂ ಬಂತು. ಆರು ನಿಮಿಷದ್ದು. ಜಾಲ್ಸೂರಿನಲ್ಲಿ ಸಮೀಕ್ಷಾ ಬಸ್ಸಿಗೆ ಕಾಯುತ್ತಿರುತ್ತಾಳೆ, ಅವಿನ್‌ನ ಬೈಕು ಅವಳ ಚೂಡಿದಾರಕ್ಕೆ ಕೆಸರು ಹಾರಿಸುತ್ತದೆ, ಅವಳು ಬೈಯುತ್ತಾಳೆ, ಅವನು ನಗುತ್ತಾನೆ. ಆಮೇಲೆ ಎಲ್ಲಿ ಹೋದರೂ ಇಬ್ಬರೂ ಎದುರಾಗುತ್ತಾರೆ. ಸುಳ್ಯದ ಪೇಟೆಯಲ್ಲಿ, ಹಣ್ಣಿನಂಗಡಿಯಲ್ಲಿ, ತೂಗುಸೇತುವೆಯ ಮೇಲೆ. ಜಗಳ ಕರಗಿ ಪ್ರೀತಿಯಾಗುತ್ತದೆ. ನಡುವೆ ಅವನು ಬೇರೆ ಯಾರೋ ಹುಡುಗಿಯ ಜೊತೆ ಮಾತಾಡುವುದನ್ನು ಕಂಡು ಇವಳು ತಪ್ಪು ತಿಳಿಯುತ್ತಾಳೆ, ಕಂಬಗಳಿರುವ ಒಂದು ದೊಡ್ಡ ಮನೆಗೆ ಹೋಗಿ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅಳುತ್ತಾಳೆ. ಅಜ್ಜಿ ಅವಳಿಗೆ ಮಲ್ಲಿಗೆ ಮುಡಿಸಿ ಸಮಾಧಾನ ಮಾಡುತ್ತಾರೆ. ಕೊನೆಗೆ ಅವಿನ್ ಓಡುತ್ತಾನೆ. ರಸ್ತೆ, ಗದ್ದೆ, ಮೆಟ್ಟಿಲು ಎಲ್ಲ ದಾಟಿ ಓಡಿ ಬಂದು ಏದುಸಿರು ಬಿಡುತ್ತಾ ಅವಳ ಮುಂದೆ ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಿತು.

ನಿಜವಾಗಿ ಅವರಿಬ್ಬರನ್ನು ಭೇಟಿ ಮಾಡಿಸಿದವಳು ನಾನು. ಹೆಸರು ಸುಂದರಿ, ಮನೆ ಪುತ್ತೂರು, ಕೆಲಸ ಮದುವೆ ಬ್ರೋಕರ್. ಅವರು ಮೊದಲು ನೋಡಿಕೊಂಡದ್ದು ಕಬಕದಲ್ಲಿ, ಸಮೀಕ್ಷಾಳ ಮನೆಯ ಹಾಲ್‌ನಲ್ಲಿ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಎರಡೂ ಕಡೆಯ ಒಂಬತ್ತು ಜನರ ನಡುವೆ. ಅವಿನ್ ಎರಡು ಚಕ್ಕುಲಿ ತಿಂದು ಒಂದೇ ಒಂದು ಪ್ರಶ್ನೆ ಕೇಳಿದ. "ನಿಮಗೆ ಡ್ಯೂಟಿ ಎಷ್ಟು ಗಂಟೆಗೆ ಬಿಡ್ತದೆ?" ಅವಳು ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. "ಐದೂವರೆಗೆ" ಅಂದಳು. ಅಷ್ಟೇ ಅವರ ಪ್ರೇಮಕಥೆ. ಆ ಎರಡು ಮಾತಿಗಾಗಿ ನಾನು ಕಡಬಕ್ಕೆ ನಾಲ್ಕು ಸಲ, ಕಬಕಕ್ಕೆ ಐದು ಸಲ ಹೋಗಿದ್ದೆ.

ವಿಡಿಯೋ ಮಾಡಿದ ನಿಯಾಝ್ ನಮ್ಮ ಬೀದಿಯವನೇ. ಫೋನ್ ಮಾಡಿದೆ.

"ನಾನು ಎಲ್ಲಿ ಮಾರಾಯ ಇದರಲ್ಲಿ?"

"ಆಂಟಿ, ಬ್ರೋಕರ್ ಇದ್ರೆ ಫೀಲ್ ಬರುದಿಲ್ಲ" ಅಂದ. "ಜನರಿಗೆ ಒಂದೇ ಕಥೆ ಬೇಕಾದ್ದು. ಸುರುವಿಗೆ ಜಗಳ ಆಗ್ಬೇಕು, ಆಮೇಲೆ ಲವ್ ಆಗ್ಬೇಕು, ಮತ್ತೆ ಏನಾದ್ರೂ ತಪ್ಪು ತಿಳ್ಕೊಳ್ಬೇಕು, ಲಾಸ್ಟಿಗೆ ಹುಡುಗ ಓಡ್ಬೇಕು. ಓಡದಿದ್ರೆ ಯಾರೂ ಒಪ್ಪುದಿಲ್ಲ."

"ನಿಜವಾಗಿ ಯಾರಾದ್ರೂ ಓಡಿದ್ದು ನೋಡಿದ್ದೀಯಾ ನೀನು?"

ಅವನು ಸ್ವಲ್ಪ ಯೋಚಿಸಿದ. "ಇಲ್ಲ ಆಂಟಿ. ನನ್ನ ಮದುವೆಗೆ ನಾನೇ ಓಡ್ಲಿಲ್ಲ. ಅಪ್ಪ ಕಾರಲ್ಲಿ ಕರ್ಕೊಂಡು ಹೋದದ್ದು."

ಇಂಥ ಸಿನಿಮಾಗಳನ್ನು ಟಿವಿಯಲ್ಲಿ ನಾನೂ ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಹುಡುಗನಿಗೆ ತಾಯಿಯೇ ಇರುವುದಿಲ್ಲ. ಇದ್ದರೂ ಕೊನೆಯಲ್ಲಿ ಬಂದು ಅಕ್ಷತೆ ಹಾಕಿ ಹೋಗುತ್ತಾರೆ. ಯಾವ ಮನೆ, ಯಾರ ಮಗಳು, ಅಜ್ಜಿಯ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತಾರು ವರ್ಷ ಇದನ್ನೇ ಕೇಳಿ ಕೇಳಿ ನನ್ನ ಮೊಣಕಾಲು ಸವೆದಿದೆ. ನನ್ನನ್ನು ಸಿನಿಮಾದಿಂದ ತೆಗೆದದ್ದಕ್ಕೆ ಬೇಸರವಾಯಿತೇ ಎಂದರೆ, ಆಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಆಯಿತು.

ಆದರೆ ಸಮೀಕ್ಷಾ ಅದರಲ್ಲಿ ನಗುತ್ತಿದ್ದಳು, ಅದು ನನಗೆ ಸಾಕಿತ್ತು. ಅವಳಿಗೆ ಮೂವತ್ತೊಂದು ವರ್ಷ. ಮೊದಲು ಎರಡು ಸಂಬಂಧ ಮಾತಾಗಿ ಮುರಿದಿತ್ತು. ಒಂದು ಜಾತಕದ ನೆಪದಲ್ಲಿ, ಇನ್ನೊಂದು ಯಾವ ನೆಪವೂ ಇಲ್ಲದೆ. ಎರಡನೆಯದು ಮುರಿದ ಮೇಲೆ ಸಂಬಂಧಿಕರು ಅವಳ ಬಗ್ಗೆ ತಗ್ಗಿದ ಸ್ವರದಲ್ಲಿ ಮಾತಾಡಲು ಸುರು ಮಾಡಿದ್ದರು. ಮೂರನೆಯದೂ ಮುರಿದರೆ ಆ ಹುಡುಗಿಯಲ್ಲೇ ಏನೋ ದೋಷ ಇದೆ ಎಂದು ಊರು ತೀರ್ಮಾನ ಮಾಡಿಬಿಡುತ್ತದೆ. ಅದಕ್ಕೆ ಈ ಮದುವೆ ಆಗಲೇಬೇಕೆಂದು ನಾನು ಹಟ ಹಿಡಿದಿದ್ದೆ.

ವಿಡಿಯೋ ಬಂದು ನಾಲ್ಕನೇ ದಿನ ಕಡಬದಿಂದ ಅವಿನ್‌ನ ತಾಯಿ ಫೋನ್ ಮಾಡಿದರು. "ಸುಂದರಿಯಕ್ಕ, ಒಮ್ಮೆ ಬಂದು ಹೋಗಿ. ಬರಿಯ ವಿಷಯ" ಎಂದಷ್ಟೇ ಹೇಳಿ ಇಟ್ಟರು.

ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಮೂಲ. ಅಜ್ಜಿಯದು ತಾಯಿಗೆ, ತಾಯಿಯದು ಮಗಳಿಗೆ. ಒಂದೇ ಬರಿಯವರು ಒಬ್ಬರನ್ನೊಬ್ಬರು ಕಾಣದಿದ್ದರೂ ಅಣ್ಣ ತಂಗಿಯರು, ಅವರಲ್ಲಿ ಮದುವೆ ಇಲ್ಲ. ನನ್ನ ಕೆಲಸದಲ್ಲಿ ಮೊದಲು ನೋಡುವುದೇ ಇದನ್ನು. ಹುಡುಗನ ಬೋಳುತಲೆ ತಡವಾಗಿ ಕಂಡದ್ದುಂಟು, ಹುಡುಗಿಯ ವಯಸ್ಸಿನಲ್ಲಿ ಒಂದೆರಡು ವರ್ಷ ಹೆಚ್ಚುಕಡಿಮೆ ಆದದ್ದುಂಟು. ಬರಿಯಲ್ಲಿ ಒಂದು ಸಲವೂ ತಪ್ಪಿದವಳಲ್ಲ ನಾನು. ಪುತ್ತೂರಿನಿಂದ ಸುಳ್ಯ, ಕಡಬದವರೆಗೆ ನನಗೆ ಇರುವ ಹೆಸರು ಅದೊಂದೇ.

ಕಡಬದ ಮನೆಯಲ್ಲಿ ಅವಿನ್‌ನ ತಾಯಿಯ ದೊಡ್ಡಮ್ಮ ಕುರ್ಚಿ ಹಾಕಿ ಕುಳಿತಿದ್ದರು. ಆ ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡಜ್ಜಿ ಎನ್ನುವುದು. ಕಾಲುನೋವೆಂದು ನಿಶ್ಚಿತಾರ್ಥಕ್ಕೆ ಬಂದಿರಲಿಲ್ಲ. ಮೊಬೈಲನ್ನು ಕೈಯಳತೆ ದೂರದಲ್ಲಿ ಹಿಡಿದು ನನಗೆ ತೋರಿಸಿದರು. ಮಲ್ಲಿಗೆ ಮುಡಿಸುವ ಜಾಗದಲ್ಲಿ ವಿಡಿಯೋ ನಿಲ್ಲಿಸಿದ್ದರು.

"ಇದು ಅಜ್ಜಾವರದ ಸೀತು ಅಲ್ವಾ? ಸೀತು ನಮ್ಮ ಬರಿಯವಳು. ಅವಳ ಮಗಳ ಮಗಳು ಅಂದ್ರೆ ನಮ್ಮ ಬರಿಯೇ ಆಯ್ತು. ಅವಿನ್‌ಗೆ ತಂಗಿ ಆಗ್ಬೇಕು ಈ ಹುಡುಗಿ."

"ದೊಡ್ಡಜ್ಜಿ, ಸಮೀಕ್ಷಾಳ ಅಜ್ಜಿ ತೀರಿ ಹೋಗಿ ಎಂಟು ವರ್ಷ ಆಯ್ತು. ಇವರನ್ನು ಸಿನಿಮಾಕ್ಕೆ ಅಂತ ಕೂರಿಸಿದ್ದು. ಮನೆಯೂ ಅವರದ್ದು, ಶೂಟಿಂಗಿಗೆ ಕೇಳಿ ತಗೊಂಡದ್ದು."

"ತೀರಿ ಹೋದವಳ ಬರಿ ಯಾವುದು ಅಂತ ಯಾರು ಹೇಳಿದ್ದು? ನೀನು. ನೀನು ಇದರಲ್ಲಿ ಇಲ್ಲವೇ ಇಲ್ಲ. ಇವರು ಮೊದಲೇ ಜಾಲ್ಸೂರಿನಲ್ಲಿ ನೋಡಿಕೊಂಡಿದ್ದಾರೆ. ಮತ್ತೆ ನೀನು ಎಂತ ವಿಚಾರಿಸಿದ್ದು?"

ಅವರಿಗೆ ಸಿನಿಮಾ ಎಂದರೆ ಏನೆಂದು ಗೊತ್ತಿಲ್ಲದೆ ಅಲ್ಲ. ಆದರೆ ಗೊತ್ತಿರುವ ಹುಡುಗ, ಗೊತ್ತಿರುವ ರಸ್ತೆ, ಗೊತ್ತಿರುವ ಸೀತು, ಇಷ್ಟೂ ನಿಜ ಇರುವಾಗ ನಡುವಿನ ಕಥೆ ಮಾತ್ರ ಸುಳ್ಳೆಂದು ಅವರು ಹೇಗೆ ನಂಬಬೇಕು? ಹುಡುಗಿಯ ಮನೆಯವರು ಫೋನಿನಲ್ಲಿ ಅಲ್ಲ ಅಂದದ್ದೂ ಉಪಯೋಗಕ್ಕೆ ಬರಲಿಲ್ಲ. ಅವರು ಹಾಗೆಯೇ ಹೇಳುವುದಲ್ಲವೇ ಅಂದರಂತೆ ದೊಡ್ಡಜ್ಜಿ.

ಅವಿನ್ ಬಾಗಿಲಿನ ಹತ್ತಿರ ನಿಂತಿದ್ದ. ಕಡಬ ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ, ಯಾರ ಸುದ್ದಿಗೂ ಹೋಗದ ಹುಡುಗ.

"ನೀನಾದ್ರೂ ಹೇಳು ಮಾರಾಯ" ಅಂದೆ.

ಅವನು ತಾಯಿಯ ಮುಖ ನೋಡಿದ. "ಅಜ್ಜಿಯ ಸೀನ್ ದಿನ ನಾನು ಇರ್ಲಿಲ್ಲ ಆಂಟಿ. ನನಗೆ ಸರಿ ಗೊತ್ತಿಲ್ಲ."

"ಇತ್ಯರ್ಥ ಆಗುವವರೆಗೆ ಫೋನ್ ಗೀನ್ ಬೇಡ ಅಂತ ನಾನೇ ಹೇಳಿದ್ದೇನೆ" ಅಂದರು ಅವನ ತಾಯಿ. "ನಾಳೆ ತಂಗಿ ಅಂತ ಆದ್ರೆ ಎಂತ ಮಾಡುದು? ಸೀತಮ್ಮನ ಬಾಯಿಂದಲೇ ಬರ್ಲಿ. ಫೋನಲ್ಲಿ ಅಲ್ಲ, ನೀವು ಎದುರು ಕೂತು ಕೇಳಿ ಬನ್ನಿ."

ಅವಿನ್ ತಲೆಯಾಡಿಸಿದ.

ಮನೆಗೆ ಬಂದು ಕಾಲು ಚಾಚಿದೆ. ಸಾಕಾಗಿ ಹೋಗಿತ್ತು. ಇದನ್ನೆಲ್ಲ ಹಾಗೇ ಬಿಟ್ಟುಬಿಡುತ್ತೇನೆ, ಯಾರ ಮದುವೆ ಆದರೂ ಮುರಿದರೂ ನನಗೇನು ಎಂದೆ. ನನ್ನ ಗಂಡ ಜತ್ತಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನಾಳೆ ಬೆಳಿಗ್ಗೆ ಏಳಕ್ಕೆ ಸುಳ್ಯಕ್ಕೆ ಬಸ್ ಉಂಟು" ಅಂದರು. "ಹೋಗದಿದ್ರೆ ನೀನೂ ಸುಮ್ಮನೆ ಇರುದಿಲ್ಲ, ನನ್ನನ್ನೂ ಇರ್ಲಿಕ್ಕೆ ಬಿಡುದಿಲ್ಲ."

ಮರುದಿನ ಆ ಬಸ್ಸಿಗೇ ಹೋದೆ. ಜಾಲ್ಸೂರಿನಲ್ಲಿ ಬಸ್ ನಿಂತಾಗ ಕಿಟಕಿಯಿಂದ ನೋಡಿದೆ. ಕಾಸರಗೋಡಿನ ಕಡೆಗೆ ಹೋಗುವವರು ಚೀಲ ಹಿಡಿದು ಓಡುತ್ತಿದ್ದರು, ಪ್ರೀತಿಗಲ್ಲ, ಸೀಟಿಗೆ. ಸುಳ್ಯದಲ್ಲಿ ಇಳಿದು ಅಜ್ಜಾವರಕ್ಕೆ ರಿಕ್ಷಾ ಮಾಡಿದೆ.

ಸೀತಮ್ಮ ಎಂಬತ್ತು ದಾಟಿದವರು, ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಬೇಕಾಯಿತು. ಕೇಳಿ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು.

"ನನ್ನ ಮೊಮ್ಮಗಳಾ? ಅಲ್ಲವಾ. ಕ್ಯಾಮೆರಾದ ಹುಡುಗ ಇಲ್ಲಿ ಕೂತ್ಕೊಳ್ಳಿ ಅಂದ, ಕೂತೆ. ಹೂ ಮುಡಿಸಿ ಅಂದ, ಮುಡಿಸಿದೆ. ನನ್ನ ಹೆಣ್ಣುಮಕ್ಕಳಿಗೆ ಇಬ್ಬರಿಗೂ ಗಂಡುಮಕ್ಕಳೇ. ಆ ಹುಡುಗಿಯ ಬರಿ ನನಗೆ ಗೊತ್ತುಂಟು. ಅವಳ ಅಜ್ಜಿಯ ಹೆಸರು ಕೇಳಿದಾಗಲೇ ಗೊತ್ತಾಯ್ತು. ನಮ್ಮದು ಬೇರೆ, ಅವರದ್ದು ಬೇರೆ. ಯಾರ ಎದುರು ಬೇಕಾದ್ರೂ ಹೇಳ್ತೇನೆ."

ನನಗೆ ಜೀವ ಬಂದ ಹಾಗಾಯಿತು. ಸೀತಮ್ಮ ಬೆಲ್ಲ, ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು. "ಆ ಹುಡುಗಿ ನಿಜವಾಗಿಯೇ ಅತ್ತಳು ಮಾರಾಯ್ತಿ. ಕ್ಯಾಮೆರಾದವನು ಸಾಕು ಅಂದ ಮೇಲೂ ನನ್ನ ಮಡಿಲಿಂದ ತಲೆ ಎತ್ಲಿಲ್ಲ. ಎಂತ ಆಯ್ತು ಮಗಳೇ ಅಂತ ಕೇಳಿದೆ. ಹೆದರಿಕೆ ಆಗ್ತದೆ ಅಜ್ಜಿ ಅಂದಳು."

ಇದನ್ನು ಯಾಕೆ ಹೇಳಿದರೋ ಎಂದು ಬಸ್ಸಿನಲ್ಲಿ ಪುತ್ತೂರಿನವರೆಗೂ ಯೋಚಿಸಿದೆ. ಮದುವೆಗೆ ಮುಂಚೆ ಯಾರಿಗೆ ಹೆದರಿಕೆ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಡಬಕ್ಕೆ ಆಗಲೇ ಫೋನ್ ಮಾಡಬಹುದಿತ್ತು. ಆದರೆ ಎರಡು ದಿನದಿಂದ ಸಮೀಕ್ಷಾ ಅನ್ನ ಬಿಟ್ಟಿದ್ದಾಳೆಂದು ಅವಳ ತಾಯಿ ಫೋನಿನಲ್ಲಿ ಹೇಳಿದ್ದರು, ಮೊದಲು ಅವಳಿಗೆ ಹೇಳಬೇಕೆನಿಸಿ ನೇರ ಕಬಕಕ್ಕೆ ಹೋದೆ.

ಅವಳು ಲ್ಯಾಬಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಅಪ್ಪ ಹೊರಗೆ ಸಿಟೌಟಿನಲ್ಲಿ ಕುಳಿತಿದ್ದರು, ತಾಯಿ ಅಡುಗೆಮನೆಯಲ್ಲಿ. ನಾನು ಅವಳ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತು, ಸರಿಯಾಯ್ತು ಮಗಳೇ, ಸೀತಮ್ಮ ಬಾಯಿಬಿಟ್ಟು ಹೇಳಿದ್ರು, ಇನ್ನು ಕಡಬಕ್ಕೆ ಒಂದು ಫೋನ್ ಮಾಡಿದ್ರೆ ಮುಗಿಯಿತು ಅಂದೆ. ಕುಣಿಯುತ್ತಾಳೆಂದು ನಾನೇನೂ ಗ್ರಹಿಸಿರಲಿಲ್ಲ. ಆದರೂ ಮುಖ ಸ್ವಲ್ಪ ಅರಳಬಹುದಿತ್ತು.

"ಒಂದು ನಿಮಿಷ ಆಂಟಿ" ಅಂದಳು. "ಅವರು ಎರಡು ದಿನದಿಂದ ಒಂದು ಮೆಸೇಜ್ ಕೂಡ ಹಾಕ್ಲಿಲ್ಲ. ನಾನು ಮೂರು ಹಾಕಿದ್ದೇನೆ. ಮೂರನ್ನೂ ನೋಡಿದ್ದಾರೆ."

"ತಾಯಿ ಬೇಡ ಅಂತ ಹೇಳಿದ್ದಾರೆ ಅವನಿಗೆ."

"ಗೊತ್ತುಂಟು. ಸರಿಯಾಯ್ತು ಅಂತ ಅವರಿಗೆ ಗೊತ್ತಾಗುವ ಮೊದಲು ನಾನು ಒಂದು ಮಾತು ಕೇಳ್ತೇನೆ. ನೀವು ಇಲ್ಲೇ ಇರಿ."

ಬೇಡ ಅನ್ನಬೇಕೆಂದು ಬಾಯಿಗೆ ಬಂತು. ನನ್ನ ಕೆಲಸದಲ್ಲಿ ಹುಡುಗನಿಗಾಗಲಿ ಹುಡುಗಿಗಾಗಲಿ ಪರೀಕ್ಷೆ ಇಡುವ ಕ್ರಮ ಇಲ್ಲ, ಪರೀಕ್ಷೆ ಏನಿದ್ದರೂ ಮನೆತನಕ್ಕೆ. ಆದರೆ ಅವಳಾಗಲೇ ಫೋನ್ ಮಾಡಿ ಸ್ಪೀಕರ್ ಹಾಕಿದ್ದಳು.

"ಹಾಂ, ಹೇಳಿ" ಅಂದ ಅವಿನ್. ಸ್ವರ ಸಣ್ಣದಾಗಿತ್ತು.

"ಇವತ್ತು ಒಮ್ಮೆ ಬರ್ತೀರಾ? ನೀವೊಬ್ಬರೇ. ಮದುವೆ ಆಗುದೋ ಬಿಡುದೋ ಬೇರೆ ವಿಷಯ. ನನಗೆ ಹೆದರಿಕೆ ಆಗ್ತಾ ಉಂಟು. ಸ್ವಲ್ಪ ಹೊತ್ತು ಮಾತಾಡ್ಬೇಕು ಅಷ್ಟೇ."

ಆ ಕಡೆ ಅಂಗಡಿಯಲ್ಲಿ ಯಾರೋ ಬಲ್ಬ್ ಕೇಳುತ್ತಿದ್ದರು. ಆಮೇಲೆ ಅವನು ಹೇಳಿದ. "ಅಮ್ಮನ ಹತ್ರ ಕೇಳಿ ಹೇಳ್ತೇನೆ."

ಅವಳು ಆಯ್ತು ಅಂದು ಫೋನನ್ನು ಹಾಸಿಗೆಯ ಮೇಲಿಟ್ಟಳು. ನಾವಿಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ತಾಯಿ ಚಾ ತಂದಿಟ್ಟು ನಮ್ಮ ಮುಖ ನೋಡಿ ಏನೂ ಕೇಳದೆ ಹೋದರು. ನಾನು ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದೆ. ಬಾ ಮಾರಾಯ, ಒಂದು ಸಲ ಬಾ, ಮತ್ತೆ ಜೀವಮಾನವಿಡೀ ತಾಯಿಯನ್ನು ಕೇಳಿಕೊಂಡೇ ಇರು. ಚಾ ಮುಗಿಯುವ ಹೊತ್ತಿಗೆ ಮೆಸೇಜ್ ಬಂತು. ಅವಳು ಓದಿ ನನಗೆ ಕೊಟ್ಟಳು.

"ಇತ್ಯರ್ಥ ಆಗದೆ ಹಾಗೆಲ್ಲ ಭೇಟಿ ಆಗುದು ಚಂದ ಅಲ್ಲ ಅಂತ ಅಮ್ಮ ಹೇಳಿದ್ರು. ಸಾರಿ." ಕೆಳಗೆ ಕೈಮುಗಿದ ಒಂದು ಚಿತ್ರ.

ನನಗೆ ಸಿಟ್ಟು ಬಂತು. ಮೂರು ದಿನ ಕ್ಯಾಮೆರಾದ ಎದುರು ಅವಳ ಸೊಂಟ ಹಿಡಿದು ನಿಂತಿದ್ದಾನೆ, ಮೇಲಿನಿಂದ ಡ್ರೋನ್ ಹಾರಿಸಿ ಅದನ್ನು ಚಿತ್ರ ತೆಗೆದಿದ್ದಾರೆ, ಕಡಬಕ್ಕೆ ಕಡಬವೇ ನೋಡಿದೆ. ಅದು ಚಂದ. ಹೆದರಿದ ಹುಡುಗಿಯ ಎದುರು ಕುರ್ಚಿ ಹಾಕಿ ಕೂತು ಎರಡು ಮಾತಾಡುವುದು ಚಂದ ಅಲ್ಲ. ಅವನಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆ ಬಂತು. ಒಳ್ಳೆಯ ಹುಡುಗ, ತಾಯಿಯ ಮಾತು ಮೀರುವವನಲ್ಲ ಎಂದು ಇವಳ ಅಪ್ಪನ ಎದುರು ಹೊಗಳಿದವಳು ನಾನೇ. ಅದನ್ನು ಎಷ್ಟು ಮನೆಗಳಲ್ಲಿ ಎಷ್ಟು ಹುಡುಗರ ಬಗ್ಗೆ ಹೇಳಿದ್ದೇನೋ ಲೆಕ್ಕವಿಲ್ಲ.

"ಅವರು ಕೆಟ್ಟವರಲ್ಲ ಆಂಟಿ" ಅಂದಳು ಸಮೀಕ್ಷಾ.

"ಅಲ್ಲ."

"ಓಡಿ ಬರ್ಬೇಕು ಅಂತ ನಾನು ಹೇಳ್ಲಿಲ್ಲ. ಬಸ್ಸಲ್ಲಿ ಬಂದಿದ್ರೆ ಸಾಕಿತ್ತು."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಬೆನ್ನು ಸವರಿ, ಎಲ್ಲ ಸರಿಯಾಗ್ತದೆ, ಮದುವೆ ಆದ ಮೇಲೆ ಗಂಡಸರು ಬದಲಾಗ್ತಾರೆ ಎಂದು ನನ್ನ ಹಳೆಯ ಮಾತನ್ನೇ ಹೇಳುತ್ತಿದ್ದೆನೋ ಏನೋ. ಅವಳು ಸುಮ್ಮನೆ ಗೋಡೆ ನೋಡುತ್ತಿದ್ದಳು. ನಲವತ್ತು ವರ್ಷ ಸಂಸಾರ ಮಾಡಿ ದಣಿದ ಹೆಂಗಸರ ಮುಖದಲ್ಲಿ ಆ ನೋಟವನ್ನು ಕಂಡಿದ್ದೇನೆ. ಇವಳು ಇನ್ನೂ ಸುರುವೇ ಮಾಡಿರಲಿಲ್ಲ.

"ಬೇಡ ಅಂತ ಇದ್ರೆ ಇವತ್ತೇ ಹೇಳು ಮಗಳೇ" ಅಂದೆ. ಇಪ್ಪತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಮೂರನೇ ಸಲ ಆಂಟಿ. ಅಪ್ಪ ಹೇಗೆ ತಡ್ಕೊಳ್ತಾರೆ?"

"ಅದು ನನಗೆ ಬಿಡು. ನಿನಗೆ ಬೇಕಾ ಬೇಡವಾ ಅದನ್ನು ಹೇಳು."

ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಆ ಮೆಸೇಜನ್ನು ಮತ್ತೊಮ್ಮೆ ಓದಿದಳು. "ಬೇಡ" ಅಂದಳು.

ಸಿಟೌಟಿಗೆ ಹೋಗಿ ಅವಳ ಅಪ್ಪನ ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಸೀತಮ್ಮ ಹೇಳಿದ್ದು, ಫೋನು, ಮೆಸೇಜು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಬರಿ ಸರಿ ಉಂಟು ಅಂತ ಆದ ಮೇಲೆ ನಾವು ಬೇಡ ಅಂದ್ರೆ ಎಲ್ಲರೂ ಅವಳನ್ನೇ ಹೇಳುದು ಸುಂದರಿಯಕ್ಕ. ಇನ್ನು ಯಾರು ಬರ್ತಾರೆ ಈ ಮನೆಗೆ?"

"ಬರಿ ಸರಿ ಉಂಟು ಅಂತ ಗೊತ್ತಿರುದು ನಮಗೆ ಮಾತ್ರ" ಅಂದೆ. "ಕಡಬಕ್ಕೆ ನಾನು ಇನ್ನೂ ಹೇಳ್ಲಿಲ್ಲ. ಸೀತಮ್ಮ ಅಲ್ಲದಿದ್ರೂ ಹಿಂದಿನ ತಲೆಮಾರಲ್ಲಿ ಬರಿ ಒಂದೇ ಅಂತ ಬಂತು, ನಾನು ಮೊದಲು ಸರಿಯಾಗಿ ವಿಚಾರಿಸ್ಲಿಲ್ಲ, ತಪ್ಪು ನನ್ನದು ಅಂತ ಹೇಳ್ತೇನೆ. ಕಡಬದವರು ಕೇಳಿದ್ರೂ ಸುಮ್ಮನಿರಿ ಅಂತ ಸೀತಮ್ಮನ ಹತ್ರ ನಾನೇ ಹೇಳ್ತೇನೆ. ಬರಿ ಒಂದಾದ್ರೆ ಯಾರೂ ಹುಡುಗಿಯನ್ನು ಹೇಳುದಿಲ್ಲ. ಬ್ರೋಕರನ್ನು ಹೇಳ್ತಾರೆ."

ಅವರು ನನ್ನನ್ನೇ ನೋಡಿದರು. "ಮತ್ತೆ ನಿಮ್ಮ ಹತ್ತಿರ ಯಾರು ಸಂಬಂಧ ಕೇಳ್ಲಿಕ್ಕೆ ಬರ್ತಾರೆ?"

ಕಡಬದ ಕಡೆ ಯಾರೂ ಬರುವುದಿಲ್ಲ, ಸುಳ್ಯಕ್ಕೂ ಸುದ್ದಿ ತಲುಪಲು ಒಂದು ವಾರ ಬೇಡ. ದುಃಖವಾಗಲಿಲ್ಲ ಎಂದರೆ ಸುಳ್ಳು. ಆದರೂ ಒಳಗೆ ಗೋಡೆ ನೋಡುತ್ತಾ ಕುಳಿತವಳ ಮುಖ ಕಣ್ಣಮುಂದೆ ಇತ್ತು. ಅಲ್ಲಿಂದಲೇ ಕಡಬಕ್ಕೆ ಫೋನ್ ಮಾಡಿದೆ. ಸಮೀಕ್ಷಾ ಬಂದು ಬಾಗಿಲಲ್ಲಿ ನಿಂತಳು. ನಾನು ಸ್ಪೀಕರ್ ಹಾಕಿದೆ.

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಬರಿ ಒಂದೇ ಅಂತ ಬಂತು, ನನ್ನಿಂದ ತಪ್ಪಾಯ್ತು ಅಂದೆ.

"ನಮ್ಮ ದೊಡ್ಡಮ್ಮ ಇಲ್ಲದಿದ್ರೆ ಅಣ್ಣನಿಗೆ ತಂಗಿಯನ್ನು ಕಟ್ಟಿ ಬಿಡ್ತಿದ್ರಿ ನೀವು" ಅಂದರು ಅವಿನ್‌ನ ತಾಯಿ. "ಇಷ್ಟು ವರ್ಷ ಇದೇ ಕೆಲಸ ಮಾಡಿ ಎಂತ ಕಲಿತದ್ದು? ಇನ್ನು ಈ ಕಡೆ ಬರ್ಲೇಬೇಡಿ. ಕಾರ್ಡ್ ಎಲ್ಲ ಹಂಚಿ ಆಗಿದೆ. ಯಾರಿಗೆ ಎಂತ ಹೇಳುದು ನಾವು?"

"ನನ್ನ ಹೆಸರು ಹೇಳಿ" ಅಂದೆ.

ಅಷ್ಟರಲ್ಲಿ ಹಿಂದಿನಿಂದ ಅವಿನ್‌ನ ಸ್ವರ ಕೇಳಿತು. ಅಂಗಡಿಯಿಂದ ಆಗಷ್ಟೇ ಬಂದಿರಬೇಕು. ಯಾರಮ್ಮ, ಎಂತ ಆಯ್ತು ಎಂದು ಕೇಳಿದ. ಬಾಗಿಲಲ್ಲಿದ್ದ ಸಮೀಕ್ಷಾ ಒಂದು ಹೆಜ್ಜೆ ಮುಂದೆ ಬಂದಳು.

"ಎಂತ ಇಲ್ಲ, ನೀನು ಚಾ ಕುಡಿ" ಅಂದರು ತಾಯಿ.

ಅವನು ಮತ್ತೆ ಕೇಳಲಿಲ್ಲ.